ಬ್ಯಾಕಪ್ ಸಾಫ್ಟ್‌ವೇರ್ ಆರಿಸುವುದು ಹೇಗೆ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮನೆ ಕಂಪ್ಯೂಟರಿಗೊಂದು ಕೈಪಿಡಿ

ಸೇಡಂ ಕಡೆ ಓದುವ ಹುಡುಗ-ಹುಡುಗಿಯರ ಲ್ಯಾಪ್‌ಟಾಪ್ ತೆರೆದು ನೋಡಿ. 371(ಜೆ) ಅರ್ಹತಾ ಪ್ರಮಾಣಪತ್ರದ ಸ್ಕ್ಯಾನ್, ಜಾತಿ-ಆದಾಯ ಪತ್ರ, ಅಂಕಪಟ್ಟಿ, ಕೆಪಿಎಸ್‌ಸಿ ನೋಟ್ಸ್, ಅಪ್ಪನ ಹೊಲದ ಪಹಣಿ, ಎಲ್ಲಾ ಅದರಲ್ಲೇ. ಸಂಘಟನೆಯಲ್ಲಿ ಇರುವವರಾದರೆ ಇನ್ನಷ್ಟು: ಆರ್‌ಟಿಐ ಅರ್ಜಿ ಮತ್ತು ಉತ್ತರ, ಧೂಳು ಕೂತ ತೊಗರಿ ಹೊಲದ ಫೋಟೋ, ಗುತ್ತಿಗೆ ಕಾರ್ಮಿಕರ ಸಂಬಳದ ಚೀಟಿ, ಧರಣಿಯ ವಿಡಿಯೋ. ಎರಡನೇ ಮೇಲ್ಮನವಿ ಮಾಹಿತಿ ಆಯೋಗದ ಕಲಬುರಗಿ ಪೀಠದ ಮುಂದೆ ಬರುವ ಹೊತ್ತಿಗೆ ಮೊದಲ ಅರ್ಜಿಯ ಪ್ರತಿಯೇ ಕೈಯಲ್ಲಿ ಇಲ್ಲ ಅಂದರೆ ವಾದಕ್ಕೆ ಉಳಿಯುವುದೇನು?

"ಬ್ಯಾಕಪ್ ಅದ ಏನು?" ಅಂತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಮೂರು. "ಡಿ ಡ್ರೈವ್‌ನ್ಯಾಗ ಕಾಪಿ ಅದರಿ." "ಪೆನ್‌ಡ್ರೈವ್‌ನ್ಯಾಗ ಅದ." "ಗೂಗಲ್ ಡ್ರೈವ್‌ಗೆ ಹಾಕೀನಿ." ಮೂರನ್ನೂ ಬ್ಯಾಕಪ್ ಅನ್ನಲು ಬರುವುದಿಲ್ಲ.

ಹೆಚ್ಚಿನ ಮನೆ ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಡಿಸ್ಕ್ ಹೋದರೆ ಎರಡೂ ಹೋದವು. ಪೆನ್‌ಡ್ರೈವ್ ಫೈಲ್ ಒಯ್ಯುವುದಕ್ಕೆ ಇರುವ ಸಾಮಾನು, ವರ್ಷಗಟ್ಟಲೆ ಇಡುವುದಕ್ಕಲ್ಲ. ಅದರಲ್ಲೂ ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ "2 ಟಿಬಿ" ಅಂತ ಮಾರುವ ಪೆನ್‌ಡ್ರೈವ್ ಬಹುತೇಕ ನಕಲಿ. ಒಳಗಿರುವುದು ಸಣ್ಣ ಚಿಪ್ಪು, ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ಫೈಲಿನ ಹೆಸರು ಕಾಣುತ್ತದೆ, ತೆರೆಯುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ಉಚಿತ ಪ್ರೋಗ್ರಾಂ ಇಂಥ ಕಳ್ಳತನವನ್ನು ಹಿಡಿಯುತ್ತದೆ. ಹೊಸ ಪೆನ್‌ಡ್ರೈವ್ ತಂದ ದಿನವೇ ಓಡಿಸಿ ನೋಡಿ.

ಗೂಗಲ್ ಡ್ರೈವ್, ಒನ್‌ಡ್ರೈವ್ ಮಾಡುವ ಕೆಲಸ ಬೇರೆ. ಅದರ ಹೆಸರು ಸಿಂಕ್, ಅಂದರೆ ಇಲ್ಲಿದ್ದದ್ದು ಅಲ್ಲಿಯೂ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಇಲ್ಲ. ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್ ಮತ್ತು ಫೋಟೋ ಕೂಡ. 2023ರ ನವೆಂಬರ್‌ನಲ್ಲಿ ಕಂಪ್ಯೂಟರಿನ ಗೂಗಲ್ ಡ್ರೈವ್ ಆ್ಯಪ್‌ನ 84ನೇ ಆವೃತ್ತಿಯಲ್ಲಿ ದೋಷ ಬಂದು ಹಲವರ ಫೈಲ್‌ಗಳು ಕಾಣೆಯಾದವು. ಗೂಗಲ್ ಆಮೇಲೆ ಮರಳಿ ಪಡೆಯುವ ದಾರಿ ಕೊಟ್ಟಿತು, ಆದರೆ ಆ ಕೆಲವು ದಿನ ಬೇರೆ ಪ್ರತಿ ಇಲ್ಲದವರ ಪಾಡು ಊಹಿಸಿ. ವಾಟ್ಸಾಪ್ ಗುಂಪಿಗೆ ಹಾಕಿದ್ದೇ ಬ್ಯಾಕಪ್ ಅನ್ನುವವರೂ ಇದ್ದಾರೆ. ಅಲ್ಲಿ ಫೋಟೋ ಸಣ್ಣದಾಗುತ್ತದೆ, ತೆಗೆದ ದಿನ-ಜಾಗದ ವಿವರ ಕಳಚಿ ಹೋಗುತ್ತದೆ. ದಾಖಲೆಯಾಗಿ ಅದರ ಬೆಲೆ ಅರ್ಧಕ್ಕರ್ಧ.

ನಮ್ಮ ಊರಿನ ಕಂಡೀಷನ್

ಬೆಂಗಳೂರಿನ ಅಥವಾ ಅಮೆರಿಕದ ಯೂಟ್ಯೂಬರ್ ಹೇಳುವ "ಬೆಸ್ಟ್ ಬ್ಯಾಕಪ್" ಪಟ್ಟಿ ನಮಗೆ ಹಾಗೇ ಹೊಂದುವುದಿಲ್ಲ. ಮೂರು ಕಾರಣ.

ಮೊದಲನೆಯದು ಕರೆಂಟ್. ಜೆಸ್ಕಾಂ ಯಾವಾಗ ತೆಗೆಯುತ್ತದೆ ಅನ್ನುವುದು ಗೊತ್ತಾಗುವುದು ತೆಗೆದ ಮೇಲೆಯೇ. ಡೆಸ್ಕ್‌ಟಾಪ್‌ನಲ್ಲಿ ಬ್ಯಾಕಪ್ ನಡೆಯುವಾಗ ಕರೆಂಟ್ ಹೋದರೆ ಆ ಸಾಫ್ಟ್‌ವೇರ್ ಏನು ಮಾಡುತ್ತದೆ? ಹಿಂದಿನ ಒಳ್ಳೆಯ ಪ್ರತಿಯನ್ನು ಮುಟ್ಟದೆ ಬಿಟ್ಟಲ್ಲಿಂದ ಮುಂದುವರಿಯುತ್ತದೋ, ಅರ್ಧ ಬರೆದ ಕಸವನ್ನು ಹಳೆಯದರ ಮೇಲೆ ಬಿಟ್ಟು ಹೋಗುತ್ತದೋ? ಡಿಸ್ಕಿನ ಫಾರ್ಮ್ಯಾಟ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಲವು ಪೋರ್ಟಬಲ್ ಡಿಸ್ಕುಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಅದಕ್ಕೆ ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸಿಕೊಳ್ಳುವ ಜರ್ನಲ್ ಇಲ್ಲ. ವಿಂಡೋಸ್ ಮಾತ್ರ ಬಳಸುವವರು ಖಾಲಿ ಇರುವಾಗಲೇ ಎನ್‌ಟಿಎಫ್‌ಎಸ್‌ಗೆ ಬದಲಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ನೆಟ್. ಲೆಕ್ಕ ಹಾಕೋಣ. 200 ಜಿಬಿ ಫೋಟೋ-ವಿಡಿಯೋ ಇದೆ, ಮೊಬೈಲ್ ಪ್ಯಾಕಿನಲ್ಲಿ ದಿನಕ್ಕೆ 1.5 ಜಿಬಿ. ಬೇರೇನೂ ನೋಡದೆ ಎಲ್ಲವನ್ನೂ ಇದಕ್ಕೇ ಸುರಿದರೂ 133 ದಿನ. ಮನೆಗೆ ಫೈಬರ್ ಇದ್ದು ಅಪ್‌ಲೋಡ್ ವೇಗ 10 ಎಂಬಿಪಿಎಸ್ ಸಿಕ್ಕರೆ ಎಡೆಬಿಡದೆ 44 ಗಂಟೆಗೂ ಜಾಸ್ತಿ. ಅದೇ ಯುಎಸ್‌ಬಿ 3 ಡಿಸ್ಕಿಗೆ ಒಂದು ರಾತ್ರಿ ಸಾಕು. ಚಿತ್ತಾಪುರದ ಶಾಸಕರೇ 2023ರಿಂದ ರಾಜ್ಯದ ಐಟಿ-ಬಿಟಿ ಸಚಿವರು ಅನ್ನುವುದು ಹೆಮ್ಮೆಯ ಮಾತು ಇರಬಹುದು, ಗುಣಾಕಾರ ಅದರಿಂದ ಬದಲಾಗಲ್ಲ. ಹಾಗಾಗಿ ಮೊದಲ ಪ್ರತಿ ಡಿಸ್ಕಿಗೆ, ಕ್ಲೌಡ್‌ಗೆ ಏನಿದ್ದರೂ ಬಹಳ ಮುಖ್ಯವಾದ ಒಂದೆರಡು ಜಿಬಿ ಮಾತ್ರ.

ಮೂರನೆಯದು ಬಿಸಿಲು ಮತ್ತು ಧೂಳು. ಹಲವು ಪೋರ್ಟಬಲ್ ಡಿಸ್ಕುಗಳ ವಿವರಪಟ್ಟಿಯಲ್ಲಿ ಬಳಕೆಯ ಮಿತಿ 35 ಡಿಗ್ರಿ ಅಂತ ಬರೆದಿರುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ 42 ದಾಟುವುದು ಸುದ್ದಿಯೇ ಅಲ್ಲ. ಪತ್ರಾಸ್ ಮನೆಯಲ್ಲಿ ಮಧ್ಯಾಹ್ನ ಬ್ಯಾಕಪ್ ಓಡಿಸಬೇಡಿ, ಬೆಳಗಿನ ಜಾವ ಓಡಿಸಿ. ಮುಗಿದ ಮೇಲೆ ಡಿಸ್ಕನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಅಲಮಾರಿಯಲ್ಲಿ ಇಡಿ. ವಾಡಿ, ಸೇಡಂನ ಸಿಮೆಂಟ್ ಧೂಳು, ಶಹಾಬಾದ್‌ನ ಫರ್ಸಿ ಕಲ್ಲಿನ ಧೂಳು ಮೊದಲು ಸೇರುವುದು ಯುಎಸ್‌ಬಿ ಕಿಂಡಿಗೇ.

ಸಾಫ್ಟ್‌ವೇರ್‌ಗೆ ಕೇಳಬೇಕಾದ ಪ್ರಶ್ನೆ

ಎಲ್ಲ ಕಂಪನಿಗಳೂ ಜಾಹೀರಾತು ಮಾಡುವುದು ಉಳಿಸುವುದರ ಬಗ್ಗೆ: ಎಷ್ಟು ಬೇಗ, ಎಷ್ಟು ಸುಲಭ, ಎಷ್ಟು ಜಾಗ. ಆರಿಸಬೇಕಾದದ್ದು ಇನ್ನೊಂದು ತುದಿಯಿಂದ. ಲ್ಯಾಪ್‌ಟಾಪ್ ಕಳುವಾಗಿದೆ, ನಿಮ್ಮ ಕೈಯಲ್ಲಿ ಡಿಸ್ಕ್ ಮಾತ್ರ ಇದೆ, ಕೂತಿರುವುದು ಗೆಳೆಯನ ಕಂಪ್ಯೂಟರ್ ಮುಂದೆ ಅಂದುಕೊಳ್ಳಿ. ಫೈಲ್ ಹೇಗೆ ಹೊರಗೆ ಬರುತ್ತದೆ? ಆ ಸಾಫ್ಟ್‌ವೇರನ್ನು ಮತ್ತೆ ಕೊಳ್ಳಬೇಕೇ, ಖಾತೆಗೆ ಲಾಗಿನ್ ಆಗಬೇಕೇ, ಒಟಿಪಿ ಬರುವ ಸಿಮ್ ಆ ಕಳುವಾದ ಫೋನ್‌ನಲ್ಲೇ ಇತ್ತೇ? ಮರಳಿ ಪಡೆಯುವ ದಾರಿ ಯಾವುದಕ್ಕೆ ಸರಳವಾಗಿದೆಯೋ ಅದನ್ನು ಆರಿಸಿ.

ಎರಡನೇ ಪ್ರಶ್ನೆ, ಹಳೆಯ ಆವೃತ್ತಿ ಇಡುತ್ತದೆಯೇ? ಹದಿನೈದು ದಿನದ ಹಿಂದೆ ಕೆಟ್ಟ ಫೈಲನ್ನು ಇವತ್ತು ನೋಡಿದರೆ, ನಿನ್ನೆಯ ಬ್ಯಾಕಪ್‌ನಲ್ಲಿ ಇರುವುದೂ ಕೆಟ್ಟದ್ದೇ. ಮೂರನೆಯದು, ಬರೆದದ್ದು ಸರಿಯಾಗಿ ಬರೆದಿದೆಯೇ ಅಂತ ತಾನೇ ಓದಿ ತಪಾಸಣೆ ಮಾಡುತ್ತದೆಯೇ? ನಾಲ್ಕನೆಯದು, ಕಂಪನಿ ನಾಳೆ ಬಾಗಿಲು ಹಾಕಿದರೆ? ಇದು ಬರೀ ಊಹೆಯಲ್ಲ. ಮನೆ ಬಳಕೆದಾರರು ಬಹಳ ನಂಬಿದ್ದ ಕ್ರ್ಯಾಶ್‌ಪ್ಲಾನ್ ತನ್ನ ಹೋಮ್ ಸೇವೆ ನಿಲ್ಲಿಸುವುದಾಗಿ 2017ರ ಆಗಸ್ಟ್‌ನಲ್ಲಿ ಹೇಳಿ, 2018ರ ಅಕ್ಟೋಬರ್‌ಗೆ ಮುಚ್ಚಿತು. ಎಲ್ಲ ಪಟ್ಟಿಗಳಲ್ಲೂ ಮೊದಲ ಹೆಸರಾಗಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರ ಜನವರಿ 1ರಿಂದ ಬೆಂಬಲ ಇಲ್ಲ. ಹಳೆಯ ಲೇಖನ ಓದಿ ಅದನ್ನೇ ಹುಡುಕುತ್ತ ಯಾವುದೋ ಅನಾಮಿಕ ಸೈಟಿನಿಂದ ಇಳಿಸಿಕೊಳ್ಳಬೇಡಿ. ಕ್ರ್ಯಾಕ್ ಮಾಡಿದ ಬ್ಯಾಕಪ್ ಸಾಫ್ಟ್‌ವೇರ್ ಅಂತೂ ಕಳ್ಳನ ಕೈಗೇ ಕೀಲಿ ಕೊಟ್ಟಂತೆ. ನಿಮ್ಮ ಎಲ್ಲ ಫೈಲ್ ಓದುವ ಅಧಿಕಾರ ಅದಕ್ಕೆ ನೀವೇ ಕೊಟ್ಟಿರುತ್ತೀರಿ.

ಹಾಗಾದರೆ ಯಾವುದು?

ವಿಂಡೋಸ್ ಬಳಸುವ ಹೆಚ್ಚಿನವರಿಗೆ ನನ್ನ ಸಲಹೆ ಬೇಸರ ತರಿಸುವಷ್ಟು ಸರಳ. ಒಳಗೇ ಇರುವ ಫೈಲ್ ಹಿಸ್ಟರಿ. 2012ರಲ್ಲಿ ವಿಂಡೋಸ್ 8ರ ಜೊತೆ ಬಂತು, ಈಗಲೂ ಕಂಟ್ರೋಲ್ ಪ್ಯಾನೆಲ್‌ನ ಮೂಲೆಯಲ್ಲಿ ಇದೆ. ಡಿಸ್ಕ್ ಸಿಕ್ಕಿಸಿ ಆನ್ ಮಾಡಿದರೆ ಗಂಟೆಗೊಮ್ಮೆ ಬದಲಾದ ಫೈಲ್‌ಗಳ ಪ್ರತಿ ತೆಗೆಯುತ್ತದೆ. ಇದರ ದೊಡ್ಡ ಗುಣ ಅಂದರೆ ಪ್ರತಿಗಳು ಮಾಮೂಲಿ ಫೈಲ್‌ಗಳಾಗಿಯೇ, ಹೆಸರಿನ ಮುಂದೆ ದಿನಾಂಕ-ವೇಳೆ ಸೇರಿಸಿಕೊಂಡು ಕೂತಿರುತ್ತವೆ. ಯಾವ ಕಂಪ್ಯೂಟರಿಗೆ ಹಾಕಿದರೂ, ಫೈಲ್ ಹಿಸ್ಟರಿ ಇಲ್ಲದಿದ್ದರೂ ತೆರೆಯಬಹುದು. ದೋಷ ಕೂಡ ಇದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್ ಬಿಟ್ಟು ಬೇರೆಡೆ ಇದ್ದದ್ದನ್ನು ತಾನಾಗಿ ಮುಟ್ಟುವುದಿಲ್ಲ. ನಮ್ಮವರು ಎಲ್ಲವನ್ನೂ ಇಡುವುದು ಡಿ ಡ್ರೈವ್‌ನಲ್ಲಿ! ಆ ಫೋಲ್ಡರನ್ನು ಲೈಬ್ರರಿಗೆ ಸೇರಿಸಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ವಿಂಡೋಸ್ 11ರಲ್ಲಿ "ವಿಂಡೋಸ್ ಬ್ಯಾಕಪ್" ಅಂತ ಕಣ್ಣಿಗೆ ರಾಚುವ ಇನ್ನೊಂದು ಆ್ಯಪ್ ಇದೆ. ಅದು ನಿಮ್ಮನ್ನು ಒಯ್ಯುವುದು ಒನ್‌ಡ್ರೈವ್‌ಗೆ, ಅಲ್ಲಿ ಉಚಿತ ಜಾಗ 5 ಜಿಬಿ.

ಇಡೀ ಕಂಪ್ಯೂಟರನ್ನು ವಿಂಡೋಸ್ ಸಮೇತ ಉಳಿಸಬೇಕು ಅನ್ನುವವರಿಗೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿ. ದೊಡ್ಡ ಕಂಪನಿಗಳಿಗೆ ಬ್ಯಾಕಪ್ ಮಾರುವವರೇ ಕೊಡುವುದು. ಮೊದಲ ಸಲ ಪೂರ್ತಿ, ಆಮೇಲೆ ಬದಲಾದದ್ದು ಮಾತ್ರ. ಮುಗಿದ ಕೂಡಲೇ ಡಿಸ್ಕನ್ನು ತಾನೇ ಇಜೆಕ್ಟ್ ಮಾಡುವ ಆಯ್ಕೆ ಇದೆ, ಅದನ್ನು ಟಿಕ್ ಮಾಡಿ. ಯಾಕೆ ಅಂದರೆ 2017ರ ಮೇ 12ರಂದು ಹರಡಿದ ವನ್ನಾಕ್ರೈ 150ರಷ್ಟು ದೇಶಗಳಲ್ಲಿ 2 ಲಕ್ಷಕ್ಕೂ ಮೀರಿ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ವೈರಸ್ ಬಂದ ಹೊತ್ತಿಗೆ ಸಿಕ್ಕಿಸಿಯೇ ಇಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ. ವೀಮ್‌ನ ಪ್ರತಿ ತೆರೆಯಲು ವೀಮ್‌ನದೇ ಉಪಕರಣ ಬೇಕು, ಆದ್ದರಿಂದ ಮೊದಲ ದಿನವೇ ಅದರ ರಿಕವರಿ ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಸತ್ತ ಮೇಲೆ ಮಾಡಲು ಬೇರೆ ಕಂಪ್ಯೂಟರ್ ಹುಡುಕಬೇಕಾಗತ್ತೆ.

ಸ್ವಲ್ಪ ಕಲಿಯುವ ಉತ್ಸಾಹ ಇದ್ದವರಿಗೆ ಮುಕ್ತ ತಂತ್ರಾಂಶಗಳು: ಕೋಪಿಯಾ, ರೆಸ್ಟಿಕ್, ಬೋರ್ಗ್. ಮೂರೂ ಪ್ರತಿಯನ್ನು ತುಂಡು ಮಾಡಿ, ಒಂದೇ ಥರದ ತುಂಡನ್ನು ಒಮ್ಮೆ ಮಾತ್ರ ಇಟ್ಟು ಜಾಗ ಉಳಿಸುತ್ತವೆ, ಬೀಗ ಹಾಕಿ ಇಡುತ್ತವೆ, ಅರ್ಧಕ್ಕೆ ನಿಂತರೆ ಹಳೆಯ ಪ್ರತಿಗೆ ಧಕ್ಕೆ ಮಾಡುವುದಿಲ್ಲ. ಕೋಪಿಯಾಗೆ ಗುಂಡಿ ಒತ್ತುವ ಪರದೆ ಇದೆ. ರೆಸ್ಟಿಕ್ ಕಮಾಂಡ್ ಬರೆಯುವವರದು, ಆದರೆ ಮೂರರಲ್ಲಿ ನನಗೆ ಹೆಚ್ಚು ನಂಬಿಕೆ ಅದರ ಮೇಲೇ. 2015ರಿಂದ ಇದೆ, ಇಟ್ಟದ್ದನ್ನೆಲ್ಲ ಮತ್ತೆ ಓದಿ ತಪಾಸಿಸುವ ಕಮಾಂಡ್ ಅದರಲ್ಲೇ ಇದೆ. ಬೋರ್ಗ್ ಲಿನಕ್ಸ್, ಮ್ಯಾಕ್‌ನವರಿಗೆ. ಡುಪ್ಲಿಕಾಟಿ ನೋಡಲು ಚೆಂದ, ಆದರೆ ಬಹುಕಾಲ ಬೀಟಾ ಹಂತದಲ್ಲೇ ಇದ್ದ ತಂತ್ರಾಂಶ. ಏಕೈಕ ಪ್ರತಿಯನ್ನು ಅದರ ಕೈಗೆ ಕೊಡಲು ನಾನಂತೂ ಒಪ್ಪುವುದಿಲ್ಲ.

ಲಿನಕ್ಸ್ ಮಿಂಟ್ ಹಾಕಿಕೊಂಡವರಿಗೆ ಒಂದು ಎಚ್ಚರಿಕೆ. ಅದರ ಜೊತೆ ಬರುವ ಟೈಮ್‌ಶಿಫ್ಟ್ ವ್ಯವಸ್ಥೆಯ ಫೈಲ್‌ಗಳಿಗೆ, ನಿಮ್ಮ ಫೋಟೋ-ಕಾಗದಗಳಿಗೆ ಅಲ್ಲ. ಉಬುಂಟುವಿನಲ್ಲಾದರೆ ದೇಜಾ ಡುಪ್ ಸಾಕು. ಮ್ಯಾಕ್ ಇದ್ದವರು ಟೈಮ್ ಮೆಷೀನ್ ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ. ಫ್ರೀಫೈಲ್‌ಸಿಂಕ್‌ನಲ್ಲಿ "ಮಿರರ್" ಒತ್ತುವ ಮುನ್ನ ಎರಡು ಸಲ ಯೋಚಿಸಿ. ಮೂಲದಲ್ಲಿ ಇಲ್ಲದ್ದನ್ನು ಅದು ಪ್ರತಿಯಿಂದಲೂ ತೆಗೆಯುತ್ತದೆ. ಅಳಿಸಿದ್ದನ್ನು ಬೇರೆ ಫೋಲ್ಡರಿಗೆ ಸರಿಸುವ ಸೆಟ್ಟಿಂಗ್ ಅದರಲ್ಲೇ ಇದೆ, ಹಾಕಿಕೊಳ್ಳಿ.

ಒಂದು ಪ್ರತಿ ಇನ್ನೊಂದು ಊರಿನಲ್ಲಿ

ಫೋಟೋಗ್ರಾಫರ್ ಪೀಟರ್ ಕ್ರೋ ಬಳಕೆಗೆ ತಂದ 3-2-1 ಸೂತ್ರ ಈಗ ಎಲ್ಲರ ಬಾಯಲ್ಲಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗ. ನಮ್ಮ ಕಡೆ ಸಾಮಾನ್ಯವಾಗಿ ಬಿಟ್ಟುಹೋಗುವುದು ಕೊನೆಯ ಒಂದು. ಲ್ಯಾಪ್‌ಟಾಪ್ ಮತ್ತು ಡಿಸ್ಕ್ ಒಂದೇ ಟೇಬಲ್ ಮೇಲಿದ್ದರೆ ಕಳ್ಳನಿಗೂ ನೀರಿಗೂ ಒಂದೇ ಸಲದ ಕೆಲಸ. 2020ರ ಅಕ್ಟೋಬರ್‌ನಲ್ಲಿ ಭೀಮೆ ಮತ್ತು ಕಾಗಿಣಾ ಉಕ್ಕಿದ್ದು ಯಾರಿಗೂ ಮರೆತಿಲ್ಲ. ಕಾಗಿಣಾ ತುಂಬಿದರೆ ದಂಡೋತಿ ಸೇತುವೆ ಮುಳುಗುವುದು ಮಳೆಗಾಲದ ಮಾಮೂಲಿ ಸುದ್ದಿ. ಮರುವರ್ಷ ಅದೇ ತಿಂಗಳು ಚಿಂಚೋಳಿ ಭಾಗದ ಗಡಿಕೇಶ್ವರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ ಜನ ಮನೆ ಹೊರಗೆ ಮಲಗಿದರು.

ಸರ್ಕಾರಗಳೂ ಇಲ್ಲಿ ಎಡವುತ್ತವೆ. ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ಅಲ್ಲೇ ಸುಟ್ಟಿತು. ಗಾತ್ರ ಬಹಳ ದೊಡ್ಡದು ಅನ್ನುವ ಕಾರಣಕ್ಕೆ ಹೊರಗೆ ಎಲ್ಲೂ ಪ್ರತಿ ಇಟ್ಟಿರಲಿಲ್ಲ. ಇದು ಜಗತ್ತಿಗೇ ಮೆಮೊರಿ ಚಿಪ್ ಮಾರುವ ದೇಶದ ಕಥೆ.

ಇದರ ಎದುರಿಗೆ ನಮ್ಮದೇ ಚಿತ್ತಾಪುರ ತಾಲೂಕಿನ ಸನ್ನತಿಯನ್ನು ಇಟ್ಟು ನೋಡಿ. 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಮೂರ್ತಿ ಕೂರಿಸಲು ನಡುವೆ ರಂಧ್ರ ಕೊರೆದಿದ್ದರಿಂದ ಅಕ್ಷರಗಳು ಹೋಗಿದ್ದವು. ಆದರೆ ಅದರಲ್ಲಿದ್ದ ಪ್ರತ್ಯೇಕ ಶಾಸನಗಳ ಇನ್ನೆರಡು ಪ್ರತಿ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಇದ್ದವು. ಅವನ್ನು ಪಕ್ಕದಲ್ಲಿ ಇಟ್ಟುಕೊಂಡು ವಿದ್ವಾಂಸರು ಸನ್ನತಿಯ ಕಲ್ಲನ್ನು ಓದಿದರು.

ನಮಗೆ ಒಡಿಶಾದಷ್ಟು ದೂರ ಬೇಕಾಗಿಲ್ಲ. ಎರಡು ಡಿಸ್ಕ್ ಇಟ್ಟುಕೊಳ್ಳಿ. ಒಂದು ಮನೆಯಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ, ಬೇರೆ ಊರಿನಲ್ಲಿ. ತಿಂಗಳಿಗೊಮ್ಮೆ ಹೋದಾಗ ಅದಲು-ಬದಲು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ರೈಲಿನಲ್ಲೇ ಸಿಗುವ ಊರುಗಳು, ಚಿಂಚೋಳಿಯವರಿಗೆ ಬಸ್ಸು. ನೂರಾರು ಜಿಬಿ ಸಾಗಿಸಲು ಪ್ಯಾಸೆಂಜರ್ ಗಾಡಿಯಷ್ಟು ಅಗ್ಗದ ನೆಟ್ ಈ ಭಾಗದಲ್ಲಿ ಇನ್ನೊಂದಿಲ್ಲ. ಎರಡೂ ಮನೆ ಒಂದೇ ಹೊಳೆಯ ದಂಡೆಯಲ್ಲಿ ಇರದಂತೆ ನೋಡಿಕೊಂಡರೆ ಆಯಿತು.

ಬೀಗ, ಕೀಲಿ, ಸಾಕ್ಷ್ಯ

ಬೇರೆ ಮನೆಯಲ್ಲಿ ಇಡುವ ಡಿಸ್ಕಿಗೆ ಎನ್‌ಕ್ರಿಪ್ಷನ್ ಕಡ್ಡಾಯ ಅಂತಲೇ ತಿಳಿಯಿರಿ. ಸಮೀಕ್ಷೆ ಮಾಡಿದವರ ಬಳಿ ನೂರಾರು ಜನರ ಹೆಸರು, ಫೋನ್ ನಂಬರ್, ಆಧಾರ್ ಪ್ರತಿ ಇರುತ್ತದೆ. ಅವು ನಿಮ್ಮವಲ್ಲ, ನಿಮ್ಮನ್ನು ನಂಬಿ ಕೊಟ್ಟವರದು. ಆದರೆ ರೆಸ್ಟಿಕ್, ಬೋರ್ಗ್, ಕೋಪಿಯಾದಲ್ಲಿ ಪಾಸ್‌ವರ್ಡ್ ಮರೆತರೆ ಯಾವ ಅಂಗಡಿಯವನೂ ತೆಗೆದುಕೊಡಲಾರ. ಕಾಗದದ ಮೇಲೆ ಬರೆದು ಜಮೀನಿನ ಪತ್ರ ಇಡುವ ಟ್ರಂಕಿನಲ್ಲಿ ಇಡಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಹಲವು ಸಲ ತಾನಾಗಿ ಆನ್ ಆಗಿರುತ್ತದೆ, ಅದರ ರಿಕವರಿ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅಂಗಡಿಯವರು ತಮ್ಮ ಇಮೇಲ್ ಹಾಕಿ ಲ್ಯಾಪ್‌ಟಾಪ್ ಚಾಲೂ ಮಾಡಿಕೊಟ್ಟಿದ್ದರೆ ಆ ಕೀಲಿ ಯಾರ ಬಳಿ ಇದೆ ಅಂತ ಇವತ್ತೇ ನೋಡಿಕೊಳ್ಳಿ.

ವಿಡಿಯೋ, ಫೋಟೋ ಮುಂದೆ ಕೋರ್ಟಿಗೆ ಹೋಗಬಹುದು ಅನ್ನುವವರು ಇನ್ನೊಂದು ಕೆಲಸ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯ ಕೇಳಲಾಗುತ್ತದೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಂತೆ, ಒಳಗೆ ಒಂದು ಅಕ್ಷರ ಬದಲಾದರೂ ಬೇರೆಯಾಗುತ್ತದೆ. ಸೆವೆನ್-ಜಿಪ್ ಹಾಕಿಕೊಂಡಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ತೆಗೆದು ಬರೆದಿಟ್ಟುಕೊಳ್ಳಬಹುದು. ಮೂಲ ಫೈಲನ್ನು ಎಡಿಟ್ ಮಾಡದೆ ಹಾಗೇ ಬ್ಯಾಕಪ್‌ಗೆ ಹಾಕಿ, ಕತ್ತರಿಸಿ ರೀಲ್ಸ್ ಮಾಡುವುದೇನಿದ್ದರೂ ನಕಲಿನ ಮೇಲೆ.

ತೆಗೆದು ನೋಡಿ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದರು. ಬ್ಯಾಕಪ್‌ಗೆ ಐದು ಬಗೆಯ ಏರ್ಪಾಡು ಇತ್ತು, ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆರು ಗಂಟೆ ಹಿಂದೆ ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿ ಕಂಪನಿಯನ್ನು ಉಳಿಸಿತು. ಕಂಪ್ಯೂಟರ್ ಬಲ್ಲವರೇ ತುಂಬಿದ್ದ ಕಂಪನಿಯ ಗತಿ ಇದು. ಹಾಗಾಗಿ ಮೂರು ತಿಂಗಳಿಗೊಮ್ಮೆ, ಪರೀಕ್ಷೆ ಅರ್ಜಿ ತುಂಬುವ ಮುನ್ನವೋ ತೊಗರಿ ರಾಶಿ ಮುಗಿದ ಮೇಲೋ, ಬೇರೆಯವರ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಸಿ ಐದು ಫೈಲ್ ಹೊರತೆಗೆಯಿರಿ: ಒಂದು ಹಳೆಯ ಫೋಟೋ, ಒಂದು ದೊಡ್ಡ ವಿಡಿಯೋ, ಒಂದು ಪಿಡಿಎಫ್, ಕನ್ನಡದಲ್ಲಿ ಹೆಸರಿಟ್ಟ ಒಂದು ಫೈಲ್, ಕಳೆದ ವಾರ ಅಳಿಸಿದ್ದ ಒಂದು ಫೈಲ್. ಐದೂ ತೆರೆದರೆ ನಿಮ್ಮ ಸಾಫ್ಟ್‌ವೇರ್ ನಂಬಿಕಸ್ಥ. ಎಲ್ಲೋ ಓದಿದ ರೇಟಿಂಗ್‌ಗಿಂತ ಈ ಅರ್ಧ ಗಂಟೆ ಹೆಚ್ಚು ಹೇಳುತ್ತದೆ.

ಕನ್ನಡದ ವಿಷಯದಲ್ಲಿ ಒಂದು ತೊಡಕು ಬೇರೆ ಇದೆ. ಹಳೆಯ ಕರಪತ್ರ, ಸಂಘದ ಠರಾವು, ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪುಸ್ತಕ ಬಹುಪಾಲು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಇರುತ್ತವೆ. ಫೈಲ್ ಸುರಕ್ಷಿತವಾಗಿ ಮರಳಿ ಬರುತ್ತದೆ, ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅಂಥವುಗಳ ಜೊತೆ ಆ ಫಾಂಟ್ ಫೈಲನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಅದೇ ಫೋಲ್ಡರಿನಲ್ಲಿ ಇಡಿ, ಬಿಡುವಾದಾಗ ಯೂನಿಕೋಡ್‌ಗೆ ಪರಿವರ್ತಿಸಿ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿಸಲೋ ವಿಂಡೋಸ್ 11 ಹಾಕಿಸಲೋ ಅಂಗಡಿಗೆ ಒಯ್ಯುವವರು, "ಡೇಟಾ ಏನೂ ಆಗಂಗಿಲ್ಲ ಬಿಡ್ರಿ" ಅನ್ನುವ ಮಾತಿಗೆ ತಲೆಯಾಡಿಸುವ ಮೊದಲು ಮನೆಯಲ್ಲೇ ಪೂರ್ತಿ ಪ್ರತಿ ತೆಗೆದು, ಆ ಐದು ಫೈಲ್ ತೆರೆದು ನೋಡಿ, ಡಿಸ್ಕನ್ನು ಮನೆಯಲ್ಲೇ ಬಿಟ್ಟು ಹೋಗಿ.